ಅಣ್ಣನ ಅಳತೆಯ ಸೈಕಲ್ಲು

ಕೆಂಭಾವಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಎದುರಿಗೇ ಕಾಲು ಅಳೆದು ಸೈಕಲ್ ಫ್ರೇಮ್ ಬೆಸೆದು ಕೊಡುವ ಮಿಸ್ತ್ರಿಯ ಅಂಗಡಿ. ತೊಲೆಗೆ ನೇತುಹಾಕಿದ್ದ, ಬಣ್ಣ ಕಾಣದ ಫ್ರೇಮೊಂದು ಕೆನಾಲಿನ ಕಡೆಯ ಗಾಳಿಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಕೊಳವೆಯ ಬಾಯಿಂದ ಬರುತ್ತಿದ್ದ ಆ ಸದ್ದು, ಅಣ್ಣ ನಿದ್ದೆಯಲ್ಲಿ ಉಸಿರಾಡುವಂತೆಯೇ ಇತ್ತು.

“ಮಲ್ಲಣ್ಣನ ತಂಗಿ ಅಲ್ಲೇನ್ರಿ?” ಎಂದ ಮಿಸ್ತ್ರಿ. “ಆರು ವರ್ಷ ಆತು, ನಿಮ್ಮ ಅಣ್ಣ ಸಾಹೇಬ್ರಿಗಿ ಇನ್ನಾ ಪುರಸೊತ್ತಿಲ್ಲೇನು? ಅವರ ಗಿಡ್ಡ ಕಾಲಿನ ಅಳತಿಗಿ ಮಾಡಿದ್ದು. ಬ್ಯಾರೇದವ್ರು ಕೂತ್ರ ಬೀಳ್ತಾರ. ಅದಕ್ಕ ಮಾರಿಲ್ಲ.”

ಫ್ರೇಮ್ ಸಿದ್ಧವಾಗಿದೆ, ಬಂದು ಬಣ್ಣ ಹೇಳಲಿ ಎಂದು ಮಿಸ್ತ್ರಿ ಆರು ವರ್ಷದ ಹಿಂದೆ ನನ್ನ ಕೈಯಲ್ಲೇ ಹೇಳಿ ಕಳಿಸಿದ್ದ. ಕುಂಟನ ಸೈಕಲ್ಲೆಂದು ಗೆಳತಿಯರು ನಗುತ್ತಾರೆಂಬ ನಾಚಿಕೆಗೆ, ಇನ್ನೂ ಆಗಿಲ್ಲವೆಂದು ಅಣ್ಣನಿಗೆ ಸುಳ್ಳು ಹೇಳಿದೆ. ಅವನು ಕೆಲಸಕ್ಕೆ ನಡೆದೇ ಹೋಗುತ್ತಿದ್ದ. ಅದೇ ವಾರ, ಹಾಗೆ ನಡೆದು ಹೋಗುವಾಗ, ನಮ್ಮೂರ ಕೆನಾಲಿನ ದಂಡೆಯಲ್ಲಿ ಕಾಲು ಜಾರಿ ಮುಳುಗಿದ. ನನ್ನ ಸುಳ್ಳನ್ನು ಮನೆಯಲ್ಲಿ ಇಂದಿಗೂ ಯಾರಿಗೂ ಹೇಳಿಲ್ಲ. ಅವನು ಸತ್ತ ಸುದ್ದಿ ದೂರದ ಕೆಂಭಾವಿಯ ಮಿಸ್ತ್ರಿಗೆ ಮುಟ್ಟಿರಲಿಲ್ಲ.

“ಬಣ್ಣ ಹಚ್ಚೋದೊಂದೇ ಬಾಕಿ ಅದ,” ಎಂದ ಅವನು. “ಯಾವ್ದು ಬೇಕಂತಾರ?”

ಅಣ್ಣ ತೀರಿಹೋದ ಎನ್ನಲು ಬಾಯಿ ತೆರೆದೆ.

“ಹಸಿರು,” ಎಂದೆ.

ಮಿಸ್ತ್ರಿ ಏಣಿ ಹತ್ತಿ ಫ್ರೇಮನ್ನು ಕೆಳಗಿಳಿಸಿದ.