ಮಗಳ ತೂಕಕ್ಕೆ ನನಗೆ ಬಿದ್ದ ಫೈನು

ಡಾಕ್ಟರು ಗಿರಿಜೆಯನ್ನು ತೂಕದ ಮೆಷಿನ್ ಮೇಲಿಂದ ಇಳಿಸಿ, ಸೀದಾ ನನ್ನ ಕಡೆ ತಿರುಗಿದರು.

"ಏಮ್ಮಾ, ಆರು ವರ್ಷದ ಹುಡುಗಿ ಮೂವತ್ನಾಕು ಕಿಲೋನಾ? ನಾಕು ಮೆಟ್ಲು ಹತ್ತಿದ್ರ ತೇಕ್ತಾಳ. ನಿಮ್ಮಂಥ ತಾಯಿ-ತಂದಿಗೆ ಫೈನ್ ಹಾಕ್ಬೇಕು ನೋಡು!"

ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ. ಓದಿದ್ದು ಐದನೇ ಕ್ಲಾಸು, ವಯಸ್ಸು ಇಪ್ಪತ್ನಾಲ್ಕು. ಡಾಕ್ಟರ ಎದುರು ಏನು ಮಾತಾಡಲಿ?

ಪಕ್ಕದಲ್ಲಿ ಕುಳಿತಿದ್ದ ನನ್ನ ಮಾವನವರಿಗೆ ಮಾತ್ರ ಆ ಮಾತು ಬಹಳ ಹಿಡಿಸಿತು. ಮನೆ ಮುಟ್ಟುವ ತನಕ "ಫೈನ್... ಫೈನ್..." ಅಂತ ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿದ್ದರು.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆದೋನಿಯಲ್ಲಿ ಮಾವನವರದು ಹತ್ತಿ ವ್ಯಾಪಾರದ ಅಂಗಡಿ, ಅದರ ಹಿಂದೆಯೇ ಮನೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು.

ಆ ಮನೆಯಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವ ಹಾಗಿರಲಿಲ್ಲ. ನಾನು ಬಾಗಿಲ ಹಿಂದೆ, ಅವರು ಪಡಸಾಲೆಯಲ್ಲಿ. ನಡುವೆ ನಿಂತು ಮಾತು ದಾಟಿಸುವವಳು ಗಿರಿಜೆ.

ಆ ಸಂಜೆ ಅಂಗಡಿಯಲ್ಲಿ ನಾಲ್ಕು ಜನ ದಲಾಲರು ಕೂತಿರುವಾಗಲೇ ಮಾವ ನನಗೆ ಕೇಳುವಂತೆ ದೊಡ್ಡ ದನಿಯಲ್ಲಿ ಹೇಳಿದರು.

"ಗಿರ್ಜಿ, ನಿಮ್ಮವ್ವಗ ಹೇಳು. ಅಡಿಗಿ ಮನಿ ಆಕಿ ಕೈಯಾಗ ಐತಿ. ಪಂಚಮಿ ಒಳಗ ನೀ ಎರಡು ಕಿಲೋ ಇಳೀಲಿಲ್ಲಂದ್ರ ಆಕಿ ಕೋಸಗಿಗೆ ಹೋಗಂಗಿಲ್ಲ. ಅದ ಆಕಿಗೆ ಫೈನು."

ಕೋಸಗಿ ನನ್ನ ತವರು. ರೈಲು ಹತ್ತಿದರೆ ಹೆಚ್ಚು ಹೊತ್ತಿನ ದಾರಿಯೂ ಅಲ್ಲ. ಆದರೆ ವರ್ಷಕ್ಕೆ ಒಮ್ಮೆ, ನಾಗರ ಪಂಚಮಿಗೆ ಮಾತ್ರ ನನಗೆ ಆ ರೈಲು.

ಆ ವರ್ಷ ಅವ್ವನ ಕಣ್ಣು ಮಂಜಾಗುತ್ತಾ ಬಂದಿತ್ತು. ನಿನ್ನ ಮುಖ ಕಾಣುತ್ತಿರುವಾಗಲೇ ಒಮ್ಮೆ ಬಂದು ಹೋಗು ಅಂತ ಹೇಳಿ ಕಳಿಸಿದ್ದಳು.

ಗಿರಿಜೆಗೆ ಅನ್ನ ಬಿಡಿಸಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆ ಹನಿಯಷ್ಟು. ಗಿರಿಜೆ ಅಳಲೂ ಇಲ್ಲ, ಹಟ ಮಾಡಲೂ ಇಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು...

ದಿನಾ ಸಂಜೆ ಮಾವನವರು ಮೊಮ್ಮಗಳ ಕೈ ಹಿಡಿದು ಬಜಾರಿಗೆ ಹೊರಡುತ್ತಿದ್ದರು. ಮೊದಲು ಮಿರ್ಚಿ ಬಜ್ಜಿ, ಅದರ ಮೇಲೆ ಜಿಲೇಬಿ, ಬರುವಾಗ ಮುಷ್ಟಿ ತುಂಬ ಪೆಪ್ಪರಮೆಂಟು.

ಅವರ ತಂಗಿಯೊಬ್ಬಳು ಚಿಕ್ಕವಳಿದ್ದಾಗ ಹೊಟ್ಟೆಗಿಲ್ಲದೆ ಸೊರಗಿ ಸತ್ತಿದ್ದಳಂತೆ. ಮಗು ದುಂಡಗಿದ್ದರೆ ಅವರಿಗೆ ಧೈರ್ಯ. ಅದು ನನಗೂ ಅರ್ಥವಾಗುತ್ತಿತ್ತು. ಆದರೆ ಫೈನು ನನಗೆ!

ಗಂಡನಿಗೆ ಹೇಳಿದೆ. ಅವರು ಅಪ್ಪನ ಎದುರು ಕೂತು ಮಾತಾಡಿದವರಲ್ಲ. "ನೋಡೂಣು ತಡಿ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಕೊನೆಗೆ ಗಿರಿಜೆಗೇ ಹೇಳಿಕೊಟ್ಟೆ. "ಬಜಾರದಾಗ ಏನೂ ಕೊಡಸಬ್ಯಾಡ್ರಿ, ಅವ್ವ ಕೈ ಮುಗಿದು ಕೇಳ್ಯಾಳ ಅಂತ ಅಜ್ಜಗ ಹೇಳು."

ತಲೆ ಆಡಿಸಿ ಓಡಿದಳು.

ಆ ಸಂಜೆ ಅಡಿಗೆ ಮನೆಯ ಹೊಸ್ತಿಲ ಮೇಲೆ, ಪೇಪರಿನಲ್ಲಿ ಕಟ್ಟಿದ ಜಿಲೇಬಿ ಪೊಟ್ಟಣ. ನನಗೆ! ಮಾವ ಅಣಕಿಸುತ್ತಿದ್ದಾರೆ ಅಂದುಕೊಂಡು ಅವತ್ತು ಊಟ ಬಿಟ್ಟೆ.

ಮರುದಿನ ಮತ್ತೆ ಹೇಳಿ ಕಳಿಸಿದೆ. ಮತ್ತೆ ಪೊಟ್ಟಣ. ಹದಿನೈದು ದಿನ ಇದೇ ಕತೆ.

ಪಂಚಮಿಗೆ ಮೂರು ದಿನ ಇದ್ದಾಗ ತಮ್ಮ ವೀರೇಶ ನನ್ನನ್ನು ಕರೆಯಲು ಬಂದ. ಅಂಗಡಿಯಲ್ಲಿ ಹತ್ತಿ ತೂಗುವ ಕಾಟಾದ ಮೇಲೆ ಗಿರಿಜೆಯನ್ನು ಕೂಡಿಸಿದರು. ಅದೇ ದಲಾಲರು ಸುತ್ತ ನಿಂತಿದ್ದಾರೆ.

"ಸಾವ್ಕಾರ್ರ, ಮಾಲು ಭರ್ತಿ ಐತಿ ನೋಡ್ರಿ!" ಅಂತ ಒಬ್ಬ ನಕ್ಕ.

ಒಂದೂವರೆ ಕಿಲೋ ಹೆಚ್ಚಾಗಿತ್ತು.

"ಗಿರ್ಜಿ, ನಿಮ್ಮವ್ವ ಏನಂತಾಳ ಕೇಳು" ಅಂದರು ಮಾವ.

ನಾನು ಹಿಂಬಾಗಿಲಲ್ಲಿದ್ದೆ. ಓಡಿ ಬಂದ ಮಗಳ ಕಿವಿಯಲ್ಲಿ ಹೇಳಿದೆ: "ಕೊಡಸಬ್ಯಾಡ್ರಿ ಅಂತ ದಿನಾ ಹೇಳಿ ಕಳಿಸೀನಿ, ನೀವ ಕೇಳಲಿಲ್ಲ ಅಂತ ಹೇಳು."

ಗಿರಿಜೆ ಅಜ್ಜನ ಹತ್ತಿರ ಹೋದಳು. ಎಳ್ಳಷ್ಟೂ ತಡವರಿಸದೆ ಹೇಳಿದಳು: "ಅಜ್ಜಾ, ಇವತ್ತೂ ಎರಡು ಪೊಟ್ಟಣ ಜಿಲೇಬಿ ತರ್ರಿ ಅಂದಾಳ ಅವ್ವ. ನನಗೊಂದು, ಆಕಿಗೊಂದು."

ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿ. ಹದಿನೈದು ದಿನ ನಾನು ಕೈ ಮುಗಿದದ್ದೆಲ್ಲ ಇವಳ ಬಾಯಲ್ಲಿ ಜಿಲೇಬಿ ಆಗಿತ್ತು!

ಮದುವೆಯಾದ ಏಳು ವರ್ಷದಲ್ಲಿ ಮೊದಲ ಸಲ ಅಂಗಡಿಯ ಹೊಸ್ತಿಲು ದಾಟಿ ನಿಂತೆ.

"ಮಾವಾರ, ನಾ ಹಂಗ ಅಂದಿಲ್ರಿ. ತಿನಿಸೋರು ನೀವು, ತಿನ್ನಾಕಿ ಆಕಿ, ಫೈನು ನನಗ್ಯಾಕ್ರಿ?"

ದಲಾಲರ ನಗು ನಿಂತಿತು.

ಮಾವ ನನ್ನನ್ನೇ ನೇರ ಕೇಳಿದರು. "ಇದನ್ನ ನೀ ಮೊದಲ ಯಾಕ ಹೇಳಲಿಲ್ಲವ್ವಾ?"

ಏನು ಹೇಳಲಿ ನಾನು? ನೀವೇ ಹೇಳಿ.

"ಆದ್ರ ನಾಕು ಮಂದ್ಯಾಗ ಆಡಿದ ಮಾತು..." ಅಂದು ಎದ್ದು ಹೋದರು.

ಫೈನು ಹಾಗೇ ಉಳಿಯಿತು, ನಾನೂ ಆದೋನಿಯಲ್ಲೇ ಉಳಿದೆ. ಬಂದವನು ಬರಿಗೈಯಲ್ಲಿ ಹೋಗಬಾರದೆಂದು ವೀರೇಶನ ಜೊತೆ ಗಿರಿಜೆಯನ್ನು ಕಳಿಸಿದರು! ಅವಳಿಗೇನೂ ಫೈನ್ ಇರಲಿಲ್ಲವಲ್ಲ. ಅಲ್ಲಿ ಎಂಟು ದಿನ ಶೇಂಗಾ ಉಂಡಿ, ಎಳ್ಳುಂಡಿ ತಿಂದು ಬಂದಳು.

ಒಂದು ಮಾತು ಒಪ್ಪಬೇಕು. ಆಮೇಲೆ ಮಾವ ಬಜಾರಿನ ದಾರಿ ಬಿಟ್ಟರು. ಸಂಜೆ ಮೊಮ್ಮಗಳನ್ನು ಸ್ಟೇಷನ್ ತನಕ ನಡೆಸಿಕೊಂಡು ಹೋಗಿ ಬರುತ್ತಿದ್ದರು. ದೀಪಾವಳಿ ಹೊತ್ತಿಗೆ ಅವಳು ಮೂರು ಕಿಲೋ ಇಳಿದಿದ್ದಳು.

ಅಂಗಡಿಗೆ ಬಂದವರ ಮುಂದೆಲ್ಲ ಮಾವ ಹೇಳುತ್ತಿದ್ದರು: "ಒಂದ ಸಲ ಫೈನ್ ಹಾಕಿದ್ವಿ ನೋಡ್ರಿ, ಸೊಸಿ ದಾರಿಗೆ ಬಂದ್ಲು!"

ನಾನು ಒಳಗೆ ಅವರಿಗೆಲ್ಲ ಚಹಾ ಸೋಸುತ್ತಿದ್ದೆ.

ಮರುವರ್ಷ ಕೋಸಗಿಗೆ ಹೋದಾಗ ಅವ್ವ ನನ್ನನ್ನು ದನಿಯಿಂದ ಗುರುತು ಹಿಡಿದಳು.

ಮಕ್ಕಳು ದಪ್ಪಗಾದರೆ ತಂದೆ-ತಾಯಿಗೆ ದಂಡ ಹಾಕಬೇಕು ಅಂತ ಈಗ ಪೇಪರಿನಲ್ಲಿ ನಿಮ್ಮಲ್ಲಿ ಕೆಲವರು ಬರೆಯುತ್ತಿದ್ದೀರಿ... ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಫೈನಿನ ಚೀಟಿ ಯಾರ ಹೆಸರಿಗೆ ಬರೆಯುತ್ತೀರಿ?