ಅತ್ತೆ ಎತ್ತಿಟ್ಟುಕೊಂಡಿದ್ದ ಕಂಬಳಿ

ಅತ್ತೆ ಕೆಮ್ಮಿದರೆ ಬಾಯಿಂದ ಉಣ್ಣೆಯ ಎಳೆ ಬರುತ್ತಿತ್ತು. ಕರೀ ಕೂದಲಿನಂಥ ಎಳೆ. ನಾಲಗೆಯ ಮೇಲಿಂದ ಅದನ್ನು ಎರಡು ಬೆರಳಲ್ಲಿ ಹಿಡಿದೆಳೆದು, ಬೆಳಕಿಗೆ ಎತ್ತಿ ನೋಡಿ, ಪಕ್ಕದಲ್ಲಿದ್ದ ಉಣ್ಣೆಯ ಗುಡ್ಡೆಗೆ ಒರೆಸಿಬಿಡುತ್ತಿದ್ದಳು. "ಇದೂ ನೂಲಾಗ್ತದೆ, ಯಾಕೆ ಬಿಸಾಕ್ಬೇಕು" ಅನ್ನುತ್ತಿದ್ದಳು. ನೋಡಿದವರು ಮುಖ ಕಿವುಚುತ್ತಿದ್ದರು. ನನಗೆ ಹೇಸಿಗೆ ಅನ್ನಿಸಲಿಲ್ಲ. ನಾನು ಅದೇ ಮನೆಯ ಅದೇ ದೂಳಲ್ಲಿ ಕೂತು ಎಸ್ಸೆಸ್ಸೆಲ್ಸಿ ಓದಿದವನು.

ಅವಳು ಅಪ್ಪನ ಅಕ್ಕ. ಮನೆ ಚಳ್ಳಕೆರೆಯಲ್ಲಿ. ಅಪ್ಪ ಅವ್ವ ಕುರಿಮಂದೆ ಹೊಡೆದುಕೊಂಡು ವರ್ಷದಲ್ಲಿ ಅರ್ಧ ಭಾಗ ಊರೂರು ತಿರುಗುವವರು. ಹಿಂದೆ ಹೋದರೆ ನನ್ನ ಸ್ಕೂಲು ತಪ್ಪುತ್ತದೆಂದು ಐದನೇ ಕ್ಲಾಸಿಗೆ ನನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟರು. ಅಲ್ಲಿಂದ ಡಿಗ್ರಿ ಮುಗಿಯುವ ತನಕ ಉಂಡದ್ದು ಅವಳು ತಿರುವಿದ ಮುದ್ದೆ, ಹೊದ್ದದ್ದು ಅವಳು ನೇಯ್ದ ಕಂಬಳಿ. ನಮ್ಮ ಹಟ್ಟಿಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲನೆಯವನು. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಅದರಲ್ಲಿ ನನಗೆ ಸಂಕೋಚವಿಲ್ಲ. ಆದರೆ ಹೇಳುವಾಗ ಅತ್ತೆಯ ಕೆಮ್ಮು ಕಿವಿಯಲ್ಲಿ ಕೇಳಿಸದೆ ಇರುವುದಿಲ್ಲ.

ನಮ್ಮಲ್ಲಿ ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ. ನೆಲದಲ್ಲಿ ಗುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಮಾವ ತೀರಿಕೊಂಡಾಗ ಮಗ್ಗದ ಮೇಲೆ ಅರ್ಧ ಕಂಬಳಿ ಉಳಿದಿತ್ತು. ತಿಂಗಳು ತುಂಬುವ ಮೊದಲೇ ಅತ್ತೆ ಸೀರೆ ಎತ್ತಿ ಕಟ್ಟಿ ಗುಣಿಗೆ ಇಳಿದಳು. ಬೀದಿಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, "ಏನವ್ವಾ ಇದು, ಹೆಂಗ್ಸು ಗುಣಿಗಿಳಿದ್ರೆ ಮಗ್ಗ ಮುನಿಸ್ಕಂತದೆ" ಅಂದರು.

ಅತ್ತೆ ಲಾಳಿ ತಳ್ಳುತ್ತಲೇ, "ಮುನಿಸ್ಕಂಡ್ರೆ ಅದೂ ಗಂಡ್ಸೇ ಬಿಡ್ರೀ. ನನಗೆ ಗಂಡ್ಸರ ಮುನಿಸು ಹೊಸದಾ?" ಅಂದಳು.

ಕಂಬಳಿಗಳನ್ನು ಚಳ್ಳಕೆರೆಯ ಸಂತೆಯಲ್ಲೂ ಮಾರುತ್ತಿದ್ದಳು, ಬಸ್ಸು ಹತ್ತಿ ಮೊಳಕಾಲ್ಮೂರಿಗೂ ಒಯ್ಯುತ್ತಿದ್ದಳು. ರಜೆಯಿದ್ದರೆ ಗಂಟು ಹೊರಲು ನಾನು. ಮಗ್ಗದ ಮೇಲೆ ಉದ್ದಕ್ಕೆ ಎಳೆದ ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಹೊಸ ಕಂಬಳಿಯೆಂದರೆ ಆ ಗಂಜಿಯ ಹುಳಿಗಂಪು, ಕುರಿಯ ಮೈಗಂಪು ಎರಡೂ ಕೂಡಿ ಬಸ್ಸಿನ ತುಂಬ ಹಬ್ಬುತ್ತದೆ. ಒಮ್ಮೆ ಮುಂದಿನ ಸೀಟಿನಲ್ಲಿ ರೇಷ್ಮೆ ಸೀರೆಯ ವ್ಯಾಪಾರಿಯೊಬ್ಬ ಮೂಗು ಹಿಡಿದುಕೊಂಡು ತಿರುಗಿದ. "ಏಮಮ್ಮಾ, ಆ ವಾಸನ! ಪೈನ ಪೆಟ್ಟಮ್ಮಾ" ಅಂದ. ಬಸ್ಸಿನ ಮೇಲೆ ಹಾಕು ಅಂತ.

"ಯಾಕಪ್ಪಾ," ಅಂದಳು ಅತ್ತೆ, "ನಿನ್ನ ಸೀರೆ ಮದುವೆಗೆ ಒಂದಿನ ಉಟ್ಟು ಪೆಟ್ಟಿಗೆ ಸೇರ್ತದೆ. ಇದು ನಿನ್ನ ಕೊನೆಗೂ ಬೇಕಾಗ್ತದೆ. ಈಗ್ಲೇ ವಾಸ್ನೆ ರೂಢಿ ಮಾಡ್ಕೋ."

ಬಸ್ಸೆಲ್ಲ ನಕ್ಕಿತು. ವ್ಯಾಪಾರಿಯೂ ನಕ್ಕ. ಅತ್ತೆ ಮಾತ್ರ ತಮಾಷೆಗೆ ಹೇಳಿರಲಿಲ್ಲ.

ಯಾಕೆಂದರೆ ನಮ್ಮ ಮನೆತನದಲ್ಲಿ ನೇಯುವವರಿಗೆ ಒಂದು ಪದ್ಧತಿ. ಕೈ ಕಸುವು ಚೆನ್ನಾಗಿರುವಾಗಲೇ ತನಗೆ ಅಂತ ಒಂದು ಕಂಬಳಿ ನೇಯ್ದು ಎತ್ತಿಡುವುದು. ಅದನ್ನು ಮಾರುವಂತಿಲ್ಲ. ಸತ್ತಾಗ ಅದರಲ್ಲೇ ಸುತ್ತಿ ಮಣ್ಣು ಮಾಡುತ್ತಾರೆ. ಇನ್ನೊಬ್ಬರು ನೇಯ್ದದ್ದನ್ನು ಹೊದ್ದು ಹೋಗುವುದು ನೇಯುವವರಿಗೆ ಅವಮಾನ. ಮಾವ ಹಾಗೇ ತನ್ನ ಕಂಬಳಿಯಲ್ಲಿ ಹೋಗಿದ್ದ. ಅತ್ತೆಯದ್ದು ತಗಡಿನ ಪೆಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ನಡುವೆ ಇತ್ತು. ಮರಿಕುರಿಗಳ ಮೊದಲ ಕತ್ತರಿಯ ಉಣ್ಣೆ, ಬಣ್ಣ ಹಾಕದ ಕಪ್ಪು, ಅಂಚಿಗೆ ಬಿಳಿಯ ಗೆರೆ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಬೇರೆ ಯಾರಿಗೂ ಮುಟ್ಟಗೊಡದೆ ತಾನೇ ಮಡಚಿಡುತ್ತಿದ್ದಳು.

ನಾನು ಎಂ.ಎಸ್ಸಿ. ಮುಗಿಸಿದ ವರ್ಷ ಜರ್ಮನಿಯಲ್ಲಿ ಮಣ್ಣಿನ ವಿಜ್ಞಾನ ಓದಲು ವಿದ್ಯಾರ್ಥಿವೇತನ ಸಿಕ್ಕಿತು. ಆಗಲೇ ಅತ್ತೆಯ ಎದೆ ಕೆಟ್ಟಿತ್ತು. ಉಣ್ಣೆ ಬಿಟ್ಟರೆ ಬದುಕುತ್ತೀಯ ಅಂದಿದ್ದರು ಚಿತ್ರದುರ್ಗದ ಡಾಕ್ಟರು. "ಉಣ್ಣೆ ಬಿಟ್ರೆ ಬದುಕೋದು ಯಾತರಿಂದ ಅಂತ ಅವ್ರು ಹೇಳ್ಲಿಲ್ಲ" ಅನ್ನುತ್ತಿದ್ದಳು. ನಾನು ಹೊರಡುವ ದಿನ ಪೆಟ್ಟಿಗೆ ತೆಗೆದು ಆ ಕಂಬಳಿಯನ್ನು ನನ್ನ ತೊಡೆಯ ಮೇಲೆ ಇಟ್ಟಳು.

ಅಪ್ಪ ಎದ್ದು ನಿಂತೇಬಿಟ್ಟ. "ಅಕ್ಕಾ, ಬ್ಯಾಡ. ಅದು ನಿಂದು."

"ನಂದೇ. ನಾನೇನು ದಾನ ಕೊಟ್ನಾ? ಹೊದ್ಕಂಡು ಬರ್ಲಿ. ಹೊಸ ಕಂಬಳಿ ಚುಚ್ತದೆ. ಇವನು ಹೊದ್ದು ಹೊದ್ದು ಮೆತ್ತಗೆ ಮಾಡ್ಕಂಡು ತಂದುಕೊಡ್ಲಿ."

"ಅಷ್ಟರಾಗೆ ನಿನಗೇನಾರಾ ಆದ್ರೆ?"

"ಇವ್ನು ಬರೋಗಂಟ ನಾನು ಹೋಗಲ್ಲ ಕಣಪ್ಪ. ಮಗ್ಗದವಳು ಮೈಮೇಲೆ ಬಟ್ಟೆ ಇಲ್ದೆ ಹೋಗ್ತಾಳಾ?" ಆಮೇಲೆ ನನ್ನ ಕಡೆ ತಿರುಗಿದಳು. "ಲೇ ಅಳಿಯಾ, ನೀರು ಮಾತ್ರ ತೋರಿಸ್ಬೇಡ. ಬಿಸಿಲಿಗೆ ಹಾಕು, ಕೊಡವು, ಸಾಕು."

ಅಲ್ಲಿಯ ಮೊದಲ ಚಳಿಗಾಲ ನನ್ನನ್ನು ಕಾಪಾಡಿದ್ದು ಆ ಕಂಬಳಿ. ಏಪ್ರಿಲಿನಲ್ಲಿ ವಸಂತದ ರಜೆ ಬಂತು. ಜೊತೆಯ ಹುಡುಗರು ಗುಂಪುಗುಂಪಾಗಿ ಯೂರೋಪ್ ಸುತ್ತಲು ಹೊರಟರು. ಒಂದೇ ಪಾಸು ಕೊಂಡರೆ ರಜೆ ಮುಗಿಯುವವರೆಗೆ ಯಾವ ದೇಶದ ರೈಲನ್ನಾದರೂ ಹತ್ತಬಹುದಿತ್ತು. ನಾನೂ ಒಬ್ಬನೇ ಹೊರಟೆ. ಹೊರಡುವ ಮುಂಚೆ ಚಳ್ಳಕೆರೆಗೆ ಫೋನ್ ಮಾಡಿದೆ. ಅತ್ತೆಯ ಬೀದಿಯ ತುದಿಯಲ್ಲಿ ಒಂದು ಎಸ್‌ಟಿಡಿ ಬೂತ್ ಇತ್ತು. ಮೊದಲೇ ಹೇಳಿಟ್ಟ ಹೊತ್ತಿಗೆ ಅವಳು ಅಲ್ಲಿ ಬಂದು ಕೂತಿರುತ್ತಿದ್ದಳು.

"ಎಷ್ಟು ಊರಿಗೆ ಹೋಗ್ತೀಯಾ?" ಅಂದಳು.

"ಐದಾರು ಆಗ್ತವೆ ಅತ್ತೆ."

"ಕಂಬಳಿ ಬಿಟ್ಟು ಹೋಗ್ಬೇಡ. ಊರೂರಿನ ನೆಲದ ಮೇಲೂ ಒಂದು ಗಳಿಗೆ ಹಾಸು. ಅದು ನೋಡಿದ್ದು ನನ್ಜೊತೆ ಬರ್ತದೆ. ನಾನು ನಾಯಕನಹಟ್ಟಿ, ಮೊಳಕಾಲ್ಮೂರು, ಬಳ್ಳಾರಿ ಬಿಟ್ರೆ ಏನು ನೋಡೀನಿ?"

ಹಾಗೆ ಶುರುವಾಯಿತು. ಕಲೋನಿನಲ್ಲಿ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಆಕಾಶಕ್ಕೆ ಮುಟ್ಟುವ ಚರ್ಚು, ಕಲ್ಲೆಲ್ಲ ಮಸಿ ಹಿಡಿದಂತೆ ಕಪ್ಪು. ಅದರ ಮೆಟ್ಟಿಲ ಮೇಲೆ ಹಾಸಿ ಕೂತೆ. ಯಾರೋ ಭಿಕ್ಷುಕನೆಂದು ಮುಂದೆ ನಾಣ್ಯ ಹಾಕಿ ಹೋದರು. ಪ್ಯಾರಿಸ್ಸಿನಲ್ಲಿ ಹೊಳೆಯ ದಂಡೆಯ ಕಟ್ಟೆಯ ಮೇಲೆ ಹಾಸಿದೆ. ವೆನಿಸ್ಸಿನಲ್ಲಿ ಸ್ಟೇಷನ್ನಿನ ಮುಂದಿನ ಮೆಟ್ಟಿಲಿಗೆ ಹಾಸಿದೆ. ಕೆಳಗೆ ಬೀದಿಯಿರಬೇಕಾದ ಕಡೆ ನೀರು. ಹೆಚ್ಚಾಗಿ ರೈಲಲ್ಲೇ ಮಲಗುತ್ತಿದ್ದೆ. ಬ್ರೆಡ್ಡು, ಬಾಳೆಹಣ್ಣು ತಿನ್ನುತ್ತಿದ್ದೆ. ಎಲ್ಲೆಲ್ಲೂ ಹುಡುಗ ಹುಡುಗಿಯರು ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಊರು ನೋಡಿದ್ದಕ್ಕಿಂತ ಅತ್ತೆಗೆ ಏನು ಹೇಳಬೇಕೆಂದು ಯೋಚಿಸಿದ್ದೇ ಹೆಚ್ಚು.

ವೆನಿಸ್ಸಿನಿಂದ ಫೋನ್ ಮಾಡಿದಾಗ ಅವಳ ಉಸಿರು ಮಾತಿಗಿಂತ ಜೋರಾಗಿ ಕೇಳುತ್ತಿತ್ತು. ಮನೆಯಿಂದ ಬೂತಿಗೆ ಬರಲು ಅಲ್ಲಲ್ಲಿ ಕೂತೆದ್ದು ಬಂದಿದ್ದಳಂತೆ. ಬೀದಿಯೆಲ್ಲ ನೀರು ಅಂದೆ.

"ನೀರೇ ದಾರಿ ಅಂದ್ರೆ ಕುರಿ ಹೆಂಗೆ ಹೊಡ್ಕಂಡು ಹೋಗ್ತಾರೆ?"

"ಕುರಿ ಇಲ್ಲ ಅತ್ತೆ ಇಲ್ಲಿ."

"ಕುರಿ ಇಲ್ದಿರೋ ಊರಾಗೆ ಏನು ನೋಡ್ತೀಯೋ! ಕಂಬಳಿ ಹುಷಾರು, ಒದ್ದೆ ಆಗ್ದಂಗೆ ನೋಡ್ಕೋ."

ವೆನಿಸ್ಸಿನ ನೀರಿನಿಂದ ಅದಕ್ಕೆ ಏನೂ ಆಗಲಿಲ್ಲ. ಆದದ್ದು ವಿಯೆನ್ನಾದಲ್ಲಿ, ಒಳ್ಳೆಯ ಮನಸ್ಸಿನವಳೊಬ್ಬಳ ಕೈಯಲ್ಲಿ. ಅಲ್ಲಿ ಒಂದು ದಿನ ಮಾತ್ರ ಹಾಸ್ಟೆಲಿನಲ್ಲಿ ಮಂಚ ಹಿಡಿದಿದ್ದೆ. ಕಂಬಳಿಯನ್ನು ಮಡಚಿ ಮಂಚದ ಮೇಲಿಟ್ಟು ಅರಮನೆ ನೋಡಲು ಹೋದೆ. ಹಾಸ್ಟೆಲು ನೋಡಿಕೊಳ್ಳುವಾಕೆ ವಯಸ್ಸಾದವಳು, ಬೆಳಗ್ಗೆಯಷ್ಟೇ ನನಗೆ ಒಂದು ಕಪ್ ಕಾಫಿ ಹೆಚ್ಚಾಗಿ ಕೊಟ್ಟಿದ್ದಳು. ಸಂಜೆ ಬಂದಾಗ ಮಂಚದ ಮೇಲೆ ಕಂಬಳಿ ಇರಲಿಲ್ಲ. ಕೇಳಿದೆ. ಆಕೆ ಮೂಗಿನ ಮುಂದೆ ಕೈ ಬೀಸಿ, ವಾಸನೆ ಬಹಳ ಇತ್ತು, ಹುಳ ಇರಬಹುದು ಅಂತ ಕುದಿಯುವ ನೀರಿನ ಮಿಷನ್ನಿಗೆ ಹಾಕಿದೆ, ಅದಕ್ಕೆ ದುಡ್ಡೇನೂ ತಗೊಳ್ಳುವುದಿಲ್ಲ ಅಂದಳು. ಮೊಳಕಾಲ್ಮೂರಿನ ಬಸ್ಸಿನ ವ್ಯಾಪಾರಿ ನೆನಪಾದ. ಆಕೆ ಕಂಬಳಿಯನ್ನು ಅಚ್ಚುಕಟ್ಟಾಗಿ ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ನಗುತ್ತ ಕೊಟ್ಟಳು.

ಬಿಚ್ಚಿದೆ. ನನ್ನ ಎದೆಗೆ ಹಿಡಿದರೆ ಮೊಣಕಾಲು ಮುಟ್ಟುತ್ತಿತ್ತು. ಅಷ್ಟೇ. ಉಣ್ಣೆ ಸುಟ್ಟ ತೊಗಲಿನಂತೆ ಮುದುಡಿ ದಪ್ಪಗಾಗಿತ್ತು. ಬಿಳಿಯ ಅಂಚು ಸೊಟ್ಟಗೆ ಸುತ್ತಿಕೊಂಡಿತ್ತು. ಹುಣಸೆಯ ವಾಸನೆ ಪೂರ್ತಿ ಹೋಗಿ ಘಮಘಮ ಸೋಪು. ಆಕೆಗೆ ಥ್ಯಾಂಕ್ಸ್ ಹೇಳಿದೆ.

ಮಾರನೇ ದಿನ ಫೋನಿನ ಹೊತ್ತು. ಮುಚ್ಚಿಡುವುದು ನನಗೆ ಗೊತ್ತಿಲ್ಲ, ಅವಳ ಮನೆಯಲ್ಲಿ ಕಲಿಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಫೋನ್ ಕಾರ್ಡಿನ ದುಡ್ಡು ಇಳಿಯುತ್ತಿತ್ತು.

"ಹರಿದೈತಾ?" ಅಂದಳು.

"ಇಲ್ಲ ಅತ್ತೆ. ಒಂದೆಳೆಯೂ ಹೋಗಿಲ್ಲ."

"ಉದ್ದ ಎಷ್ಟು ಉಳಿದೈತೆ?"

ಹೇಳಿದೆ.

"ಹಂಗಾರೆ ಎಲ್ಲಾ ಅದ್ರಾಗೇ ಐತೆ. ಒತ್ತೊತ್ತಾಗಿ ಕುಂತೈತೆ ಅಷ್ಟೆ. ಅಳ್ಬೇಡ. ಲೇ, ನಾನೂ ಅಷ್ಟೇ ಆಗೀನಿ ಬಿಡು. ಮೊನ್ನೆ ರವಿಕೆ ಹಾಕ್ಕಂಡ್ರೆ ಯಾರದೋ ರವಿಕೆ ಹಾಕ್ಕಂಡಂಗಾತು." ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಬೂತಿನವನು ರಿಸೀವರ್ ತಗೊಂಡು, "ಅಣ್ಣಾ, ಸಾಕು, ಇಡ್ರೀ, ಅವ್ರ ಕೈಲಿ ಆಗ್ತಿಲ್ಲ" ಅಂದ. ಹಿಂದಿನಿಂದ ಅವಳ ದನಿ ಕೇಳಿಸಿತು: "ಉಳಿದ ಊರೂ ತೋರ್ಸು ಅಂತ ಹೇಳಪ್ಪಾ."

ಪ್ರಾಗಿಗೆ ಹೋದೆ. ಸಾಲಾಗಿ ಕಲ್ಲಿನ ಮೂರ್ತಿಗಳು ನಿಂತ ಹಳೆಯ ಸೇತುವೆ. ಅದರ ಮೇಲೆ ಆ ಮುದುಡಿದ ತುಂಡನ್ನು ಹಾಸಿ ಪಕ್ಕದಲ್ಲಿ ನೆಲದ ಮೇಲೇ ಕೂತೆ. ಮೇಲೆ ಕೂರಲು ಮನಸ್ಸಾಗಲಿಲ್ಲ. ಜಗತ್ತೆಲ್ಲ ಆ ಸೇತುವೆಯ ಮೇಲೆ ನಡೆದು ಹೋಗುತ್ತಿತ್ತು. ಅಂಥ ಚಂದದ ಊರನ್ನು ನಾನು ಮತ್ತೆ ನೋಡಿಲ್ಲ, ಅಂಥ ಕೆಟ್ಟ ದಿನವನ್ನೂ ಕಂಡಿಲ್ಲ.

ಓದು ಮುಗಿಸಿ ಊರಿಗೆ ಬಂದಾಗ ಮಳೆಗಾಲ ಮುಗಿಯುತ್ತಿತ್ತು. ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಫೋನಿನಲ್ಲಿ ಅವಳು ಹೇಳಿದ್ದು ಸಮಾಧಾನದ ಮಾತೆಂದು ತಿಳಿದಿದ್ದೆ. ಅಲ್ಲ. ಹತ್ತು ಹನ್ನೆರಡು ವರ್ಷದ ಹುಡುಗಿಯಷ್ಟು ಆಗಿದ್ದಳು. ಕಂಬಳಿಯನ್ನು ಕೈಗೆ ಕೊಟ್ಟೆ. ಬೆರಳಲ್ಲಿ ಉಜ್ಜಿ ನೋಡಿದಳು, ಕೆನ್ನೆಗೆ ಒತ್ತಿಕೊಂಡಳು. "ಚುಚ್ಚಲ್ಲ. ಹೇಳಿದ್ನಲ್ಲಾ, ಮೆತ್ತಗೆ ಮಾಡ್ಕಂಡು ಬಾ ಅಂತ." ಮೂಗಿಗೆ ಹಿಡಿದು ಮುಖ ಕಿವುಚಿದಳು. "ಏನಿದು ಮದುಮಗಳ ವಾಸ್ನೆ!"

ಆಮೇಲೆ ಊರುಗಳ ಹೆಸರು ಕೇಳಿದಳು. ಒಂದೊಂದಾಗಿ ಹೇಳಿದೆ. ಅವಳು ಒಂದೊಂದನ್ನೂ ತನ್ನ ಬಾಯಲ್ಲಿ ಅಂದುಕೊಂಡಳು. ಹೇಳಲು ಬಾರದ್ದನ್ನು ಮತ್ತೆ ಹೇಳಿಸಿಕೊಂಡಳು.

ಅದೇ ವಾರದಲ್ಲಿ ಹೋದಳು, ಒಂದು ಮಧ್ಯಾಹ್ನ, ಕೂತಲ್ಲೇ.

ಮೀಯಿಸಿ ಮಲಗಿಸಿ ಕಂಬಳಿ ಹೊದಿಸಿದರು. ಹೆಗಲಿಂದ ಮೊಣಕಾಲಿನ ಕೆಳಗೆ ಬಂತು. ಅವಳು ಅಷ್ಟು ಕುಗ್ಗಿದ್ದರೂ ಪಾದ ಹೊರಗೇ ಉಳಿದವು. ಸಂತೆಯಿಂದ ಒಂದು ಹೊಸದು ತರಿಸಿ ಮೇಲೆ ಹಾಕೋಣ ಅಂತ ನೆಂಟರು ಅಂದರು. ನಾನು ಆಗಲ್ಲ ಅನ್ನುವ ಮೊದಲೇ ಅಪ್ಪ ಒಳಗೆ ಎದ್ದು ಹೋದ.

ಮಗ್ಗದ ಮೇಲೆ ಒಂದು ತುಂಡು ಇತ್ತು. ಬಂದ ದಿನ ನಾನು ಅದನ್ನು ನೋಡಿದ್ದೆ, ಯಾವುದೋ ಅರ್ಧಕ್ಕೆ ಬಿಟ್ಟ ಮಾಲು ಅಂದುಕೊಂಡಿದ್ದೆ. ಅಪ್ಪ ಅದನ್ನು ಹಾಸುನೂಲಿನಿಂದ ಕತ್ತರಿಸಿ ತಂದ. ದಬ್ಬಳಕ್ಕೆ ಉಣ್ಣೆಯ ದಾರ ಪೋಣಿಸಿ ಅಕ್ಕನ ಕಾಲ ಬಳಿ ಕೂತ. ಹೊಲಿಯುತ್ತ, ಯಾರನ್ನೂ ನೋಡದೆ, ನನಗೆ ಹೇಳಿದ: "ನಿನ್ನ ಫೋನು ಬಂದ ಮಾರ್ನೇ ದಿನಾನೇ ಗುಣಿಗಿಳಿದ್ಲು. ಬ್ಯಾಡ ಅಂದ್ರೆ ಕೇಳ್ಲಿಲ್ಲ. ಕಡಿಮೆ ಬಿದ್ದಷ್ಟೇ ನೇಯ್ತೀನಿ, ಅವ್ನು ಬಂದ್ಮೇಲೆ ಸೇರಿಸಾನ ಅಂದ್ಲು. ಒಂದ್ಸಲ ಲಾಳಿ ತಳ್ಳೋದು, ಗೋಡೆಗೆ ಒರಗೋದು. ಗುಣಿಯಿಂದ ಎತ್ತಿ ತಂದಾಗ ಬಾಯಿಂದ ಎಳೆ ಜೊತೆ ರಕ್ತಾನೂ ಬಂತು. ನಿನಗೆ ಹೇಳ್ಬಾರದು ಅಂತ ಆಣೆ ಹಾಕಿಸ್ಕಂಡಿದ್ಲು."

ಆ ತುಂಡಿಗಾಗಿ ಅವಳ ಆಯುಸ್ಸಿನಲ್ಲಿ ಎಷ್ಟು ಹೋಯಿತೋ ಯಾವ ಡಾಕ್ಟರೂ ಹೇಳಲಾರರು. ನನಗೂ ಗೊತ್ತಿಲ್ಲ. ನಾನು ಮಣ್ಣಿನ ವಿಷಯದಲ್ಲಿ ಪದವಿಯ ಮೇಲೆ ಪದವಿ ತಗೊಂಡವನು. ಅವಳ ಮೇಲೆ ಮಣ್ಣು ಹಾಕುವಾಗ ನನ್ನ ಕೈ ಏಳಲಿಲ್ಲ, ಅಪ್ಪನೇ ಹಿಡಿದು ಹಾಕಿಸಿದ.

ಅಗಲ ಹೊಂದಿರಲಿಲ್ಲ. ಹೊಸ ತುಂಡು ಎರಡೂ ಬದಿಗೆ ಚಾಚಿಕೊಂಡಿತ್ತು. ಆದರೆ ಪಾದ ಮುಚ್ಚಿತು. ಅತ್ತೆ ತಾನು ನೇಯ್ದದ್ದರಲ್ಲೇ ಹೋದಳು, ತಲೆಯ ಕಡೆ ವಿಯೆನ್ನಾದ ಸೋಪಿನ ವಾಸನೆ, ಕಾಲ ಕಡೆ ಚಳ್ಳಕೆರೆಯ ಹುಣಸೆಬೀಜದ್ದು.