ಹತ್ತು ಪಾಯಿಂಟಿನ ರೋಮ್

ಪದ್ಮನಾಭನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರೋಮ್ ಸಾಮ್ರಾಜ್ಯ ಪ್ರತಿವರ್ಷ ಹತ್ತು ಪಾಯಿಂಟಿನಲ್ಲಿ ಬೀಳುತ್ತಿತ್ತು. ದುರ್ಬಲ ಚಕ್ರವರ್ತಿಗಳು, ಸೈನ್ಯದ ದಂಗೆ, ತೆರಿಗೆಯ ಭಾರ, ಗಡಿಯಾಚೆಯವರ ದಾಳಿ, ಹೀಗೆ. ಕಾಲೇಜಿನಿಂದ ನಿವೃತ್ತನಾದ ಮೇಲೂ ನಾನು ಇತಿಹಾಸದ ಟ್ಯೂಷನ್ ಬಿಟ್ಟಿರಲಿಲ್ಲ. ನಾನು ಹೇಳುವುದು, ವಿದ್ಯಾರ್ಥಿಗಳು ಬರೆದುಕೊಂಡು ಉರು ಹೊಡೆಯುವುದು. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ನನಗೆ ಮೂಗಿನ ತುದಿಯಲ್ಲೇ ಕೋಪ.

ಇನ್ನೊಂದು ಹೆಗ್ಗಳಿಕೆಯೂ ನನಗಿತ್ತು. ಪರೀಕ್ಷೆಗೆ ಯಾವ ಪ್ರಶ್ನೆ ಬರುತ್ತದೆಂದು ಮೊದಲೇ ಹೇಳುತ್ತಿದ್ದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು, ಹೋದ ಸಲ ಬಂದದ್ದನ್ನು ಹೊಡೆದುಹಾಕಿ, ಉಳಿದದ್ದಕ್ಕೆ ಕೆಂಪು ಪೆನ್ನಿನಲ್ಲಿ ನಕ್ಷತ್ರ ಹಾಕಿಕೊಡುತ್ತಿದ್ದೆ. ಎಷ್ಟೋ ಸಲ ಸರಿಹೋಗುತ್ತಿತ್ತು. ತಪ್ಪಿದ್ದನ್ನು ನಾನು ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಜರಗನಹಳ್ಳಿಯಿಂದ ಒಬ್ಬಾಕೆ ಬರತೊಡಗಿದರು. ವಯಸ್ಸು ನಲವತ್ತು ದಾಟಿತ್ತು. ಶಾಲೆಯೊಂದರ ಕಚೇರಿಯಲ್ಲಿ ಅಟೆಂಡರ್. ದೂರಶಿಕ್ಷಣದ ಬಿ.ಎ.ಯಲ್ಲಿ ಇತಿಹಾಸದ ಒಂದೇ ಪತ್ರಿಕೆ ಬಾಕಿ, ಅದಕ್ಕೂ ಇದೇ ಕೊನೆಯ ಅವಕಾಶ. ಪಾಸಾದರೆ ಅದೇ ಕಚೇರಿಯಲ್ಲಿ ಕ್ಲರ್ಕ್ ಕುರ್ಚಿ. ಇಲ್ಲವಾದರೆ ನಿವೃತ್ತಿಯವರೆಗೂ ಕಾಫಿ ಲೋಟ ಎತ್ತುವುದು.

ಹತ್ತನೆಯ ಪಾಯಿಂಟ್ ಮುಗಿದ ದಿನ ಆಕೆ ಪೆನ್ನು ಕೆಳಗಿಟ್ಟು ಕೇಳಿದರು: “ಸಾರ್, ಬಿದ್ದೋಯ್ತು, ಸರಿ. ಆಮೇಲೆ ಏನ್ ಉಳ್ಕೊಂತು?”

“ಅದು ಬರಲ್ಲಮ್ಮ. ಬಿದ್ದಿದ್ದಕ್ಕೆ ಕಾರಣ ಮಾತ್ರ ಬರುತ್ತೆ. ಎರಡು ಸ್ಟಾರ್ ಹಾಕಿದೀನಿ ನೋಡು.”

“ಅಲ್ಲ ಸಾರ್, ನಮ್ಮೂರಲ್ಲಿ ಹೊಲ ಎಲ್ಲ ಹೋಗಿ ಸೈಟಾಯ್ತು. ಆದ್ರೂ ನಮ್ಮಜ್ಜ ಗಾಡಿ ಹೊಡೀತಿದ್ದ ದಾರೀನೇ ಈಗ ಕ್ರಾಸ್ ರೋಡು. ಹಂಗೆ ಅಲ್ಲೂ ಏನಾದ್ರೂ...”

“ನಿಮ್ಮೂರ ಕಥೆಗೆ ಯಾರೂ ಮಾರ್ಕ್ಸ್ ಕೊಡಲ್ಲ!” ಎಂದು ಗದರಿದೆ. ಉಳಿದವರು ನಕ್ಕರು. ಆಕೆ ತಲೆ ತಗ್ಗಿಸಿ ಮತ್ತೆ ಪೆನ್ನು ಎತ್ತಿಕೊಂಡರು.

ಪರೀಕ್ಷೆಯ ದಿನ ಸಂಜೆ ಗೇಟಿನ ಹತ್ತಿರ ಬಂದು ನಿಂತರು. “ಕಾರಣ ಬಂದಿಲ್ಲ ಸಾರ್,” ಎಂದು ಪ್ರಶ್ನೆಪತ್ರಿಕೆ ಕೊಟ್ಟರು. ಹದಿನೈದು ಅಂಕದ ಪ್ರಶ್ನೆ: ಪತನದ ನಂತರವೂ ಉಳಿದುಬಂದ ರೋಮನ್ನರ ಕೊಡುಗೆಗಳನ್ನು ವಿವರಿಸಿ. ನನ್ನ ನಕ್ಷತ್ರ ನಂಬಿ ಈಕೆ ಕೆಟ್ಟರು ಅಂದುಕೊಂಡೆ. “ಏನೋ ಬರ್ದಿದೀನಿ,” ಎಂದಷ್ಟೇ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು. ಏನು ಬರೆದೆ ಎಂದು ಕೇಳುವ ಮುಖ ನನಗಿರಲಿಲ್ಲ.

ಆಮೇಲೆ ನಾನು ಯಾರಿಗೂ ನಕ್ಷತ್ರ ಹಾಕಲಿಲ್ಲ. ಆಕೆಗೆ ಫೋನ್ ಮಾಡಲು ಎರಡು ಸಲ ಮೊಬೈಲ್ ಎತ್ತಿಕೊಂಡು ಕೆಳಗಿಟ್ಟೆ.

ಒಂದು ಭಾನುವಾರ ಆಕೆ ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದರು. ಪಾಸಾಗಿದ್ದರು. “ಎಲ್ಲಾ ನಿಮ್ಮಿಂದಾನೇ ಸಾರ್,” ಎಂದು ಕಾಲಿಗೆ ಬೀಳಲು ಬಗ್ಗಿದಾಗ ಹಿಂದೆ ಸರಿದೆ. ನಾಚಿಕೆಯಾಯಿತು.

“ನಾನೇನೂ ಹೇಳ್ಕೊಡಲಿಲ್ವಲ್ಲಮ್ಮ. ಏನ್ ಬರೆದೆ?”

“ನೀವ್ ಗದರಿದ್ರಲ್ಲ, ಅವತ್ತಿಂದ ತಲೇಲಿ ಅದೇ ಕೊರೀತಿತ್ತು. ನಮ್ ಸ್ಕೂಲ್ ಲೈಬ್ರರೀಲಿ ಹುಡುಕ್ದೆ ಸಾರ್. ಅವ್ರ್ ಹಾಕಿದ್ ರೋಡು, ಅವ್ರ್ ಕಾನೂನು, ಜುಲೈ ಆಗಸ್ಟ್ ಅನ್ನೋ ಹೆಸ್ರು, ಇನ್ನೂ ಎಷ್ಟೋ ಇತ್ತು.”

ಟ್ಯೂಷನ್ನಿಗೆ ಬಂದವರೆಲ್ಲ ಕೂರುತ್ತಿದ್ದುದು ಚಾಪೆಯ ಮೇಲೆ. ಆ ಕೋಣೆಯಲ್ಲಿ ಕುರ್ಚಿ ನನ್ನದೊಂದೇ. ಅದನ್ನು ಆಕೆಯತ್ತ ತಳ್ಳಿದೆ. ನನ್ನ ಹಳೆಯ ನೋಟ್ಸ್ ತೆಗೆದು, ಹತ್ತನೆಯ ಪಾಯಿಂಟಿನ ಕೆಳಗೆ ಹನ್ನೊಂದು ಎಂದು ಬರೆದೆ. ಮಂಡಿ ನೋವಿತ್ತು, ಆದರೂ ಚಾಪೆಯ ಮೇಲೆ ಕೂತೆ.

“ನಿಧಾನವಾಗಿ ಹೇಳಮ್ಮ,” ಎಂದೆ. “ಬರ್ಕೋತೀನಿ.”